ಬಸ್ಸಿನ ಸೇವೆ ಹೇಗಿದೆ ಎಂದು ಪ್ರಯಾಣಿಕರನ್ನು ಕೇಳುವುದು ಹೇಗೆ?

ಸರಸ್ವತೀಪುರಂ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ನಗರ ಸಾರಿಗೆಯ ಸೇವೆಯನ್ನು ಪ್ರಯಾಣಿಕರು ಹೇಗೆ ಕಾಣುತ್ತಾರೆ ಎಂಬ ವಿಷಯವನ್ನು ನಮ್ಮ ಅಂತಿಮ ವರ್ಷದ ಮಕ್ಕಳು ಕಿರುಸಂಶೋಧನೆಗೆ ಆರಿಸಿಕೊಂಡಿದ್ದಾರೆ. ಪ್ರಶ್ನಾವಳಿಯಲ್ಲಿ 22 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಕಳೆದ ವಾರ ಸಂಜೆ ಆರರ ಸುಮಾರಿಗೆ ಮಕ್ಕಳೊಂದಿಗೆ ನಾನೂ ನಗರ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಮಾರುಕಟ್ಟೆಯಲ್ಲಿ ಹೂ ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಯನ್ನು ನಮ್ಮ ವಿದ್ಯಾರ್ಥಿನಿ ಮಾತನಾಡಿಸಿದಳು. ಬುಟ್ಟಿಯ ತಳದಲ್ಲಿ ಒದ್ದೆ ಬಾಳೆಲೆಯೊಂದಿಗೆ ನಾಲ್ಕಾರು ಬಿಡಿ ಮಲ್ಲಿಗೆಗಳು ಅಂಟಿಕೊಂಡಿದ್ದವು. ಹುಡುಗಿ ಒಂದೊಂದು ಹೇಳಿಕೆಯನ್ನು ಓದಿದಾಗಲೂ ಅಜ್ಜಿ "ಚೆನ್ನಾಗದೆ ಕಣವ್ವ" ಎಂದರು. ಇಪ್ಪತ್ತೆರಡಕ್ಕೂ 5 ಅಂಕ ಬಿತ್ತು. ಹುಡುಗಿ ಫೈಲು ಮುಚ್ಚಿದ ಮೇಲೆ ಅವರೇ ಮಾತು ತೆಗೆದು, "ಈ ಬಸ್ಸು ಮಾತ್ರ ದಿನಾ ಹಿಂಗೇ ಕಣವ್ವ, ಮುಕ್ಕಾಲು ಗಂಟೆ ಕೂರಿಸ್ತದೆ. ಏನ್ ಮಾಡಾದು, ಬತ್ತದಲ್ಲ, ಅಷ್ಟೇ ಸಾಕು" ಎಂದರು.

ನಮ್ಮ ಲೆಕ್ಕದ ಪ್ರಕಾರ ಆ ಅಜ್ಜಿ ಅತ್ಯಂತ ತೃಪ್ತ ಪ್ರಯಾಣಿಕರು. ಅಂದಿನಿಂದ ನನಗೆ ಸಮಾಧಾನವಿಲ್ಲ. ತಪ್ಪು ಪ್ರಶ್ನೆಯಲ್ಲಿದೆಯೇ, ಕೇಳಿದ ರೀತಿಯಲ್ಲಿದೆಯೇ, ಅಥವಾ ಮನಸ್ಸಿನ ಅನಿಸಿಕೆಯನ್ನು ಅಂಕಕ್ಕೆ ಇಳಿಸುವ ಪ್ರಯತ್ನದಲ್ಲಿಯೇ ಇದೆಯೇ? ತಿಳಿದವರು ದಯವಿಟ್ಟು ಹೇಳಬೇಕು. ಮಕ್ಕಳು ಇನ್ನೂ ನೂರೈವತ್ತು ಜನರನ್ನು ಮಾತನಾಡಿಸಬೇಕಾಗಿದೆ.

ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿ

ಮೇಷ್ಟ್ರೇ, 22 ಎಂಬ ಸಂಖ್ಯೆಯನ್ನು ನೋಡಿದರೆ ನೀವು ಬಳಸಿರುವುದು ಸೇವೆಯ ಗುಣಮಟ್ಟ ಅಳೆಯುವ ಸರ್ವ್‌ಕ್ವಾಲ್ ಎಂದು ತೋರುತ್ತದೆ. ಪರಶುರಾಮನ್, ಝೈತಮಲ್ ಮತ್ತು ಬೆರಿ 1985ರಲ್ಲಿ ಸೇವೆಯ 'ಅಂತರ'ಗಳ ಮಾದರಿಯನ್ನು ಮುಂದಿಟ್ಟು, 1988ರಲ್ಲಿ ಈ ಅಳತೆಗೋಲನ್ನು ಪ್ರಕಟಿಸಿದರು. ಕಣ್ಣಿಗೆ ಕಾಣುವ ಸೌಕರ್ಯ, ನೆಚ್ಚಿಕೆ, ತ್ವರಿತ ಸ್ಪಂದನೆ, ಭರವಸೆ, ಗ್ರಾಹಕರ ಬಗೆಗಿನ ಕಾಳಜಿ ಎಂಬ ಐದು ಮುಖಗಳು ಅದಕ್ಕಿವೆ. ಆದರೆ ಮೂಲದಲ್ಲಿ ಪ್ರತಿ ಹೇಳಿಕೆಯನ್ನೂ ಎರಡು ಸಲ ಕೇಳಬೇಕು. ಒಳ್ಳೆಯ ಸೇವೆ ಹೇಗಿರಬೇಕೆಂದು ನಿರೀಕ್ಷಿಸುತ್ತೀರಿ ಎಂಬುದು ಒಂದು, ನಿಮಗೆ ಸಿಕ್ಕಿದ್ದು ಹೇಗಿದೆ ಎಂಬುದು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ ಉಳಿಯುವುದೇ ಗುಣಮಟ್ಟದ ಅಂತರ.

ಅಜ್ಜಿಯ ಮಾತಿನಲ್ಲಿ ಉತ್ತರವೂ ಇದೆ. "ಬತ್ತದಲ್ಲ, ಅಷ್ಟೇ ಸಾಕು" ಎಂಬುದೇ ಅವರ ನಿರೀಕ್ಷೆ. ನಿರೀಕ್ಷೆಯೇ ಅಷ್ಟು ತಗ್ಗಿದ್ದರೆ ಅಂತರ ಸೊನ್ನೆಯಾಗುತ್ತದೆ, ಸೇವೆ ಉತ್ತಮವಾಗಿದೆ ಎಂದು ಕಾಗದ ಹೇಳುತ್ತದೆ. ಹತ್ತಾರು ವರ್ಷ ಕಾದು ಕಾದು ಕಾಯುವುದನ್ನೇ ಸಹಜವೆಂದುಕೊಂಡವರ ತೃಪ್ತಿಯನ್ನು ಸೇವೆಯ ಹೆಗ್ಗಳಿಕೆ ಎಂದು ಬರೆದುಕೊಳ್ಳುವುದು ದೊಡ್ಡ ಅನ್ಯಾಯ.

ವಿಜಯನಗರದ ಎಂಜಿನಿಯರ್

ಒಂದು ತಿದ್ದುಪಡಿ. ನಿರೀಕ್ಷೆಯನ್ನು ಬೇರೆಯಾಗಿ ಕೇಳಲೇಬೇಕೆಂಬುದನ್ನು ಎಲ್ಲರೂ ಒಪ್ಪಿಲ್ಲ. ಕ್ರೋನಿನ್ ಮತ್ತು ಟೇಲರ್ 1992ರಲ್ಲಿ, ಸಿಕ್ಕಿದ ಸೇವೆಯ ಬಗೆಗಿನ ಅನಿಸಿಕೆಯೊಂದನ್ನೇ ಅಳೆದರೆ ಸಾಕು ಎಂದು ವಾದಿಸಿ ಸರ್ವ್‌ಪರ್ಫ್ ಎಂಬ ಅಳತೆಯನ್ನು ಮುಂದಿಟ್ಟರು. ಬಸ್ ನಿಲ್ದಾಣದಲ್ಲಿ ಕೆಲಸ ಮಾಡಿರುವ ನಾನು ಅವರ ಪಕ್ಷ. 44 ಪ್ರಶ್ನೆಗಳನ್ನು ಕೇಳುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ, ಅರ್ಧ ತುಂಬಿದ ಹಾಳೆಗಳು ಕೈಯಲ್ಲಿ ಉಳಿಯುತ್ತವೆ.

ಇನ್ನೂ ಮುಖ್ಯವಾದ ಮಾತೆಂದರೆ, ಸರ್ವ್‌ಕ್ವಾಲ್ ಹುಟ್ಟಿದ್ದು ಬ್ಯಾಂಕು, ಕ್ರೆಡಿಟ್ ಕಾರ್ಡು, ದುರಸ್ತಿ ಸೇವೆ, ದೂರವಾಣಿ ಇಂಥ ಕಡೆಗಳಲ್ಲಿ. ಅಲ್ಲಿ ಸೇವೆ ಶುರುವಾಗುವುದು ಕೌಂಟರಿನ ಮುಂದೆ. ಬಸ್ಸಿನ ಸೇವೆ ಮನೆಯ ಬಾಗಿಲು ದಾಟಿ ನಿಲ್ದಾಣದ ಕಡೆ ನಡೆಯುವಾಗಲೇ ಶುರುವಾಗುತ್ತದೆ. ಕಾಯುವುದು, ಹತ್ತುವುದು, ನಿಲ್ಲುವುದು, ಇಳಿಯುವುದು, ಇಳಿದ ಮೇಲೆ ರಸ್ತೆ ದಾಟುವುದು ಇವೆಲ್ಲ ಅದರ ಭಾಗ. ಬ್ಯಾಂಕಿನ ಪ್ರಶ್ನೆಗಳಲ್ಲಿ 'ಬ್ಯಾಂಕು' ಎಂಬ ಪದವನ್ನು ತೆಗೆದು 'ಬಸ್ಸು' ಎಂದು ಸೇರಿಸಿದರೆ ಇದೆಲ್ಲ ಬಿಟ್ಟುಹೋಗುತ್ತದೆ.

ನಿವೃತ್ತ ನಿರ್ವಾಹಕ, ಮಂಡ್ಯ

ನಾನು ಇಪ್ಪತ್ತೊಂಬತ್ತು ವರ್ಷ ಟಿಕೆಟ್ ಹರಿದವನು. ಓದಿದವರ ನಡುವೆ ಎರಡು ಮಾತು ಹೇಳಲು ಅನುಮತಿ ಕೊಡಿ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಒಂದು ಸಂಸ್ಥೆಯ ಹುಡುಗರು ಸಮೀಕ್ಷೆಗೆಂದು ನಮ್ಮ ಬಸ್ಸು ಹತ್ತಿದ್ದರು. ಅವರು ಬಂದದ್ದು ಮಧ್ಯಾಹ್ನ ಎರಡೂವರೆಯ ಟ್ರಿಪ್ಪಿಗೆ. ಬಸ್ಸಿನಲ್ಲಿ ಹದಿನೆಂಟೋ ಇಪ್ಪತ್ತೋ ಜನ, ಎಲ್ಲರಿಗೂ ಕಿಟಕಿಯ ಪಕ್ಕದ ಸೀಟು. ಎಲ್ಲರೂ ಚೆನ್ನಾಗಿದೆ ಎಂದೇ ಬರೆಸಿದರು. ಬೆಳಗ್ಗೆ ಎಂಟು ಗಂಟೆಯ ಟ್ರಿಪ್ಪಿನಲ್ಲಿ ನಾನೇ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗಲು ನಾಲ್ಕು ಸ್ಟೇಜು ಹಿಡಿಯುತ್ತಿತ್ತು. ಆ ಗುಂಪಿನಲ್ಲಿ ಹಾಳೆ, ಪೆನ್ನು ಹಿಡಿದು ಯಾರನ್ನು ಕೇಳುತ್ತೀರಿ? ಒತ್ತಡದಲ್ಲಿ ನಿಂತವನ ಅನಿಸಿಕೆ ನಿಮ್ಮ ಹಾಳೆಗೆ ಬರುವುದೇ ಇಲ್ಲ. ಕುಳಿತವನ ಅನಿಸಿಕೆ ಮಾತ್ರ ಬರುತ್ತದೆ.

ಎರಡನೆಯದು, ನನ್ನ ಎದುರಿಗೇ "ನಿರ್ವಾಹಕರ ವರ್ತನೆ ಹೇಗಿದೆ" ಎಂದು ಕೇಳಿದರು. ಒಬ್ಬ ಯಜಮಾನರು ನನ್ನ ಮುಖವನ್ನೊಮ್ಮೆ ನೋಡಿ, "ಬಲು ಒಳ್ಳೆಯವರು" ಎಂದರು. ಅದೇ ಬೆಳಗ್ಗೆ ಚಿಲ್ಲರೆಯ ವಿಷಯಕ್ಕೆ ಅವರಿಗೂ ನನಗೂ ಜೋರು ಮಾತಾಗಿತ್ತು. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಕೊಡಲು ಮರೆತಿದ್ದೆ. ಆ ಮುಖ ನನಗೆ ಇಂದಿಗೂ ನೆನಪಿದೆ.

ಹೆಬ್ಬಾಳದ ಪಾಳಿ ನೌಕರ

ನಿರ್ವಾಹಕರು ಹೇಳಿದ್ದು ನೂರಕ್ಕೆ ನೂರು ಸತ್ಯ.

ಶ್ರೀರಂಗಪಟ್ಟಣದ ನಿತ್ಯಪ್ರಯಾಣಿಕೆ

ಮಹಿಳೆಯರ ಕಡೆಯಿಂದ ಒಂದು ಸೂಕ್ಷ್ಮವನ್ನು ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಾನು ಶೂನ್ಯ ದರದ ಟಿಕೆಟ್ಟಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣದ ಬೆಲೆ ನನಗೆ ಗೊತ್ತು. ಆದರೆ "ಕೊಟ್ಟ ಹಣಕ್ಕೆ ತಕ್ಕ ಸೇವೆ ಸಿಗುತ್ತಿದೆಯೇ" ಎಂಬ ಪ್ರಶ್ನೆಗೆ ನಾನು ಏನೆಂದು ಉತ್ತರಿಸಲಿ? ದುಡ್ಡು ಕೊಡದವಳಿಗೆ ದೂರುವ ಹಕ್ಕೆಲ್ಲಿದೆ ಎಂಬ ಅಳುಕು ನಮ್ಮಲ್ಲಿ ಅನೇಕರಿಗೆ ಇದೆ. ನನ್ನ ಜೊತೆ ಬರುವ ಗೆಳತಿಯೊಬ್ಬಳು ಗುಂಪಿನಲ್ಲಿ ಕಾಲು ತುಳಿಸಿಕೊಂಡು ಉಗುರು ಕಿತ್ತುಹೋಗಿದ್ದರೂ, ಕೇಳಿದವರಿಗೆ "ಪರವಾಗಿಲ್ಲ, ಫ್ರೀ ತಾನೇ" ಎಂದಳು. ಟಿಕೆಟ್ಟಿನ ದುಡ್ಡನ್ನು ಸರ್ಕಾರ ಕೊಡುತ್ತದೆ, ಸರ್ಕಾರದ ದುಡ್ಡು ನಮ್ಮೆಲ್ಲರದು. ಆದ್ದರಿಂದ ಉತ್ತರಿಸುವವರು ಯಾವ ಟಿಕೆಟ್ಟಿನವರು ಎಂಬುದನ್ನು ಮೊದಲು ಗುರುತು ಮಾಡಿಕೊಂಡು, ಎರಡೂ ಗುಂಪುಗಳ ಉತ್ತರಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಇನ್ನೊಂದು, "ಪ್ರಯಾಣ ಸುರಕ್ಷಿತವೇ" ಎಂಬ ಒಂದೇ ಪ್ರಶ್ನೆ ಸಾಲದು. ಬೆಳಗಿನ ಬಸ್ಸಿಗೆ ನನ್ನ ಉತ್ತರ ಬೇರೆ, ರಾತ್ರಿ ಎಂಟೂವರೆಯ ಬಸ್ಸಿಗೆ ಬೇರೆ, ಇಳಿದ ಮೇಲೆ ದೀಪವಿಲ್ಲದ ನಿಲ್ದಾಣದಿಂದ ಮನೆಯವರೆಗಿನ ಹತ್ತು ನಿಮಿಷಕ್ಕೆ ಮತ್ತೂ ಬೇರೆ. ಮೂರನ್ನೂ ಕೂಡಿಸಿ ಸರಾಸರಿ 3 ಎಂದು ಬರೆದರೆ ನನ್ನ ಭಯ ಎಲ್ಲಿ ಹೋಯಿತು?

ಮದ್ದೂರಿನವ

ಇಷ್ಟೆಲ್ಲ ಏಕೆ? ದೂರು ಪುಸ್ತಕವಿದೆ, ಸಹಾಯವಾಣಿ ಇದೆ. ತೊಂದರೆ ಇದ್ದವರು ದೂರು ಕೊಡುತ್ತಾರೆ. ದೂರುಗಳನ್ನು ಎಣಿಸಿದರೆ ಗುಣಮಟ್ಟ ತಿಳಿಯುತ್ತದೆ.

ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿ

ಮದ್ದೂರಿನವರೇ, ಮೇಷ್ಟ್ರು ಹೇಳಿದ ಅಜ್ಜಿ ಸಹಾಯವಾಣಿಗೆ ಕರೆ ಮಾಡುತ್ತಾರೆಯೇ? ದೂರು ಕೊಡಲು ಬಿಡುವು ಬೇಕು, ಧೈರ್ಯ ಬೇಕು, ದೂರಿದರೆ ಏನಾದರೂ ಆಗುತ್ತದೆಂಬ ನಂಬಿಕೆಯೂ ಬೇಕು. ಒಂದು ಮಾರ್ಗದಲ್ಲಿ ದೂರುಗಳು ಇಳಿದಿದ್ದರೆ ಸೇವೆ ಸುಧಾರಿಸಿರಬಹುದು, ಇಲ್ಲವೇ ಜನ ನಂಬಿಕೆಯನ್ನೇ ಕೈಬಿಟ್ಟಿರಬಹುದು. ಪುಸ್ತಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಮದ್ದೂರಿನವ

ಅದನ್ನು ಒಪ್ಪುತ್ತೇನೆ. ಆದರೂ ಐದು ಅಂಕದ ಅಳತೆಯನ್ನು ನಾನು ನಂಬಲಾರೆ. ನಮ್ಮ ಜನ ಎದುರಿಗೆ ನಿಂತವರ ಮನಸ್ಸು ನೋಯಿಸಬಾರದೆಂದೇ ಒಳ್ಳೆಯ ಮಾತು ಹೇಳುತ್ತಾರೆ.

ಕುವೆಂಪುನಗರದ ಹಿರಿಯರು

ಭಾಷೆಯ ಬಗ್ಗೆಯೂ ಯೋಚಿಸಬೇಕು. ಐದು ಹಂತಗಳ ಈ ಕ್ರಮ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ವಿಧಾನದಿಂದ ಬಂದದ್ದು. ಅದನ್ನು ಕನ್ನಡಕ್ಕೆ ತರುವಾಗ "ಬಲವಾಗಿ ಒಪ್ಪುತ್ತೇನೆ", "ಒಪ್ಪುವುದೂ ಇಲ್ಲ ನಿರಾಕರಿಸುವುದೂ ಇಲ್ಲ" ಎಂದೆಲ್ಲ ಬರೆಯುತ್ತಾರೆ. ಹಾಗೆ ಯಾವ ಕನ್ನಡಿಗನೂ ಮಾತನಾಡುವುದಿಲ್ಲ. ನಮ್ಮಲ್ಲಿ "ಪರವಾಗಿಲ್ಲ" ಎಂಬ ಮಾತಿದೆ. ಅದನ್ನು 3 ಎಂದು ಬರೆದುಕೊಳ್ಳುತ್ತಾರೆ. ಆದರೆ ದನಿಯನ್ನು ಕೇಳಿಸಿಕೊಂಡರೆ ಕೆಲವರ "ಪರವಾಗಿಲ್ಲ" ನಾಲ್ಕಕ್ಕಿಂತ ಮೇಲು, ಇನ್ನು ಕೆಲವರದು ಎರಡಕ್ಕೂ ಕಡಿಮೆ.

ನಾನು ಹಿಂದೆ ಸಾಕ್ಷರತಾ ಕೆಲಸದಲ್ಲಿದ್ದಾಗ ಹಿರಿಯರನ್ನು "ರೂಪಾಯಿಗೆ ಎಷ್ಟಾಣೆ" ಎಂದು ಕೇಳುತ್ತಿದ್ದೆವು. "ಹತ್ತಾಣೆ ಸರಿ, ಆರಾಣೆ ಸರಿಯಿಲ್ಲ" ಎಂದು ಥಟ್ಟನೆ ಹೇಳುತ್ತಿದ್ದರು. ಇನ್ನೊಂದು ಉಪಾಯವೂ ಫಲಿಸಿತ್ತು. ಹತ್ತು ಹುಣಸೆ ಬೀಜಗಳನ್ನು ಕೈಗೆ ಕೊಟ್ಟು, ನಾಲ್ಕು ಲೋಟಗಳನ್ನು ಎದುರಿಗಿಟ್ಟು, "ನಿಮಗೆ ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಹಾಕಿ" ಎನ್ನುತ್ತಿದ್ದೆವು. ಬೀಜಗಳು ಹತ್ತೇ ಇರುವುದರಿಂದ ಎಲ್ಲಕ್ಕೂ ಐದೈದು ಹಾಕಲು ಬರುವುದಿಲ್ಲ. ಒಂದಕ್ಕೆ ಹೆಚ್ಚು ಹಾಕಬೇಕಾದರೆ ಇನ್ನೊಂದರಿಂದ ತೆಗೆಯಬೇಕು. ಚೌಕಾಬಾರ ಆಡಿದ ಕೈಗಳಿಗೆ ಬೀಜ ಎಣಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಸರಸ್ವತೀಪುರಂ ಮೇಷ್ಟ್ರು

ಹಿರಿಯರೇ, ಹುಣಸೆ ಬೀಜದ ಮಾತನ್ನು ತರಗತಿಯಲ್ಲಿ ಹೇಳಿದೆ, ಮಕ್ಕಳು ಕುಣಿದಾಡಿದರು. ಇನ್ನೊಂದು ಸಂಶಯವಿದೆ. ಇದುವರೆಗಿನ 60 ಹಾಳೆಗಳನ್ನು ಕಂಪ್ಯೂಟರಿಗೆ ಹಾಕಿದಾಗ ಕ್ರೋನ್‌ಬಾಕ್ ಆಲ್ಫಾ 0.93 ಬಂದಿದೆ. 0.7 ದಾಟಿದರೆ ಸಾಕೆಂದು ಪಠ್ಯದಲ್ಲಿದೆ. ಹಾಗಾದರೆ ಪ್ರಶ್ನಾವಳಿ ನಂಬಲರ್ಹವೇ?

ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿ

ದಯವಿಟ್ಟು ಆ ಸಂಖ್ಯೆಯನ್ನು ನೋಡಿ ನೆಮ್ಮದಿಪಡಬೇಡಿ. ಆಲ್ಫಾ ಹೇಳುವುದು ಪ್ರಶ್ನೆಗಳು ಒಂದರೊಡನೊಂದು ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಎಂಬುದನ್ನು ಮಾತ್ರ. ಒಬ್ಬರು ಎಲ್ಲಕ್ಕೂ 5, ಇನ್ನೊಬ್ಬರು ಎಲ್ಲಕ್ಕೂ 3, ಮತ್ತೊಬ್ಬರು ಎಲ್ಲಕ್ಕೂ 4 ಎಂದು ಕಣ್ಣುಮುಚ್ಚಿ ಹೇಳಿದರೂ ಆಲ್ಫಾ ಮೇಲೇರುತ್ತದೆ. ಯೋಚಿಸದೆ ಕೊಟ್ಟ ಉತ್ತರವೇ ಅಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ! ಆ 60 ಹಾಳೆಗಳಲ್ಲಿ ಎಷ್ಟರಲ್ಲಿ 22 ಉತ್ತರಗಳೂ ಒಂದೇ ಆಗಿವೆ ಎಂದು ಮೊದಲು ಕೈಯಿಂದ ಎಣಿಸಿ ನೋಡಿ.

ಸರಸ್ವತೀಪುರಂ ಮೇಷ್ಟ್ರು

ಎಣಿಸಿದೆ. ಹತ್ತೊಂಬತ್ತು.

ವಿಜಯನಗರದ ಎಂಜಿನಿಯರ್

ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು. ಆ ಹಾಳೆಗಳನ್ನು ಎಸೆಯಬೇಡಿ, ಬೇರೆ ಇಡಿ. ಉತ್ತರಿಸಿದವರು ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಅವಸರದಲ್ಲಿದ್ದರು ಎಂಬುದನ್ನು ಮಕ್ಕಳು ನೆನಪಿದ್ದಷ್ಟು ಬರೆದಿಡಲಿ.

ಈಗ ಅಜ್ಜಿಯ ಮುಕ್ಕಾಲು ಗಂಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಚರ್ಚೆಯಲ್ಲಿ ನನ್ನ ಮನಸ್ಸನ್ನು ಹಿಡಿದಿರುವುದು ಅದೇ. ಯುರೋಪಿನಲ್ಲಿ ಸಾರ್ವಜನಿಕ ಸಾರಿಗೆಯ ಗುಣಮಟ್ಟಕ್ಕೆ ಇಎನ್ 13816 ಎಂಬ ಮಾನದಂಡವನ್ನು 2002ರಲ್ಲಿ ತಂದರು. ಸೇವೆಯ ಲಭ್ಯತೆ, ತಲುಪುವ ಸೌಲಭ್ಯ, ಮಾಹಿತಿ, ಸಮಯ, ಪ್ರಯಾಣಿಕರ ಆರೈಕೆ, ಆರಾಮ, ಭದ್ರತೆ, ಪರಿಸರದ ಮೇಲಿನ ಪರಿಣಾಮ ಎಂಬ ಎಂಟು ಬಾಬತ್ತುಗಳು ಅದರಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಅದು ಗುಣಮಟ್ಟವನ್ನು ನಾಲ್ಕು ಕಡೆ ನಿಂತು ನೋಡುತ್ತದೆ. ಪ್ರಯಾಣಿಕರು ಬಯಸಿದ್ದು, ಸಂಸ್ಥೆ ಗುರಿಯಿಟ್ಟುಕೊಂಡದ್ದು, ರಸ್ತೆಯ ಮೇಲೆ ನಿಜವಾಗಿ ಕೊಟ್ಟದ್ದು, ಪ್ರಯಾಣಿಕರಿಗೆ ಅನಿಸಿದ್ದು. ಅನಿಸಿದ್ದನ್ನು ಮಾತ್ರ ಅಳೆದು, ಕೊಟ್ಟದ್ದನ್ನು ಅಳೆಯದೆ ಬಿಟ್ಟರೆ ಅರ್ಧ ಕೆಲಸ. ನಮ್ಮ ಮೈಸೂರಿಗೆ ಇದು ಹೊಸದೇನಲ್ಲ. 2012ರಲ್ಲಿಯೇ ಇಲ್ಲಿನ ನಗರ ಬಸ್ಸುಗಳಿಗೆ ಬಸ್ಸು ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಆಧಾರಿತ ವ್ಯವಸ್ಥೆಯನ್ನು ಕೆಎಸ್‌ಆರ್‌ಟಿಸಿ ಜಾರಿಗೆ ತಂದಿತ್ತು.

ಒಂದು ಲೆಕ್ಕ ನೋಡಿ. ಗಂಟೆಗೆ ಎರಡು ಬಸ್ಸು ಎಂದು ವೇಳಾಪಟ್ಟಿ ಹೇಳುತ್ತದೆ ಎಂದುಕೊಳ್ಳೋಣ. ಸರಿಯಾಗಿ ಅರ್ಧ ಗಂಟೆಗೊಂದು ಬಂದರೆ, ವೇಳೆ ನೋಡದೆ ನಿಲ್ದಾಣಕ್ಕೆ ಬರುವವರು ಸರಾಸರಿ 15 ನಿಮಿಷ ಕಾಯುತ್ತಾರೆ. ಆದರೆ ಒಂದು ಬಸ್ಸಿನ ಹಿಂದೆ 10 ನಿಮಿಷಕ್ಕೆ ಇನ್ನೊಂದು, ಆಮೇಲೆ 50 ನಿಮಿಷ ಏನೂ ಇಲ್ಲ, ಹೀಗೆ ಬಂದರೆ ಏನಾಗುತ್ತದೆ? ಗಂಟೆಗೆ ಎರಡು ಬಸ್ಸು ಎಂಬ ಮಾತು ಆಗಲೂ ಸುಳ್ಳಲ್ಲ. ಆದರೆ ಪ್ರತಿ ಆರು ಜನರಲ್ಲಿ ಐವರು ಆ ಐವತ್ತು ನಿಮಿಷದ ಬಿಡುವಿನಲ್ಲಿ ನಿಲ್ದಾಣಕ್ಕೆ ಬಂದಿರುತ್ತಾರೆ, ಅವರು ಸರಾಸರಿ 25 ನಿಮಿಷ ಕಾಯುತ್ತಾರೆ. ಉಳಿದ ಒಬ್ಬರು ಮಾತ್ರ 5 ನಿಮಿಷ. ಎಲ್ಲರ ಸರಾಸರಿ 21 ನಿಮಿಷ 40 ಸೆಕೆಂಡು. ಡಿಪೊದ ಪುಸ್ತಕದಲ್ಲಿ ಟ್ರಿಪ್ಪುಗಳೆಲ್ಲ ಪೂರ್ತಿಯಾಗಿವೆ, ಕಟ್ಟೆಯ ಮೇಲೆ ಕುಳಿತವರಿಗೆ ಮಾತ್ರ ಬಸ್ಸೇ ಇಲ್ಲ. ಆದ್ದರಿಂದ ಅಜ್ಜಿ ಉತ್ಪ್ರೇಕ್ಷೆ ಮಾಡಿದರು ಎಂದು ಯಾರೂ ಹೇಳದಿರಲಿ.

ನಿವೃತ್ತ ನಿರ್ವಾಹಕ, ಮಂಡ್ಯ

ಎಂಜಿನಿಯರ್ ಅವರೇ, ಆ ಹತ್ತು ಮತ್ತು ಐವತ್ತು ಹೇಗೆ ಆಗುತ್ತದೆ ಎಂಬುದನ್ನೂ ಹೇಳುತ್ತೇನೆ, ಚಾಲಕರ ಮೇಲೆ ತಪ್ಪು ಬರಬಾರದು. ಮೊದಲ ಬಸ್ಸು ಐದು ನಿಮಿಷ ತಡವಾದರೆ ನಿಲ್ದಾಣದಲ್ಲಿ ಜನ ಹೆಚ್ಚುತ್ತಾರೆ. ಹತ್ತಿಸಿಕೊಳ್ಳಲು ಮತ್ತೆ ಹೊತ್ತು ಹಿಡಿಯುತ್ತದೆ, ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನರೇ ಇಲ್ಲದೆ ಬೇಗ ಬೇಗ ಬಂದು ಇದರ ಬಾಲ ಹಿಡಿಯುತ್ತದೆ. ಮುಂದಿನದು ಬಾಗಿಲು ಮುಚ್ಚಲಾಗದಷ್ಟು ತುಂಬಿರುತ್ತದೆ, ಹಿಂದಿನದು ಖಾಲಿ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಎದುರಾದರೂ ಸಾಕು, ಅವತ್ತಿನ ಶೆಡ್ಯೂಲು ಪೂರ್ತಿ ಅಡಿಮೇಲಾಗುತ್ತಿತ್ತು.

ಕಾಯುವವರಿಗೆ ಬೇಕಾದದ್ದು ಒಂದು ಮಾತು. "ಇನ್ನೂ ಇಪ್ಪತ್ತು ನಿಮಿಷ ಆಗುತ್ತದೆ, ಕಾಫಿ ಕುಡಿದು ಬನ್ನಿ" ಎಂದು ಕಂಟ್ರೋಲರ್ ಹೇಳಿದ ದಿನ ನನ್ನ ಬಸ್ಸು ಹತ್ತಿದವರು ಜಗಳವಾಡಲಿಲ್ಲ. ಏನೂ ಹೇಳದೆ ಹತ್ತು ನಿಮಿಷ ತಡವಾದ ದಿನ ಆಡಿದರು.

ಅಗ್ರಹಾರದ ಓದುಗ

ಮೇಲಿನ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನನಗೆ ದೃಷ್ಟಿ ಬಹಳ ಮಂದ. ಬಸ್ಸಿನ ಬೋರ್ಡು ನನಗೆ ಬಣ್ಣದ ಮಬ್ಬಾಗಿ ಕಾಣುತ್ತದೆ, ಅಕ್ಷರವಾಗಿ ಕಾಣುವುದಿಲ್ಲ. ಪ್ರತಿ ಬಸ್ಸು ಬಂದಾಗಲೂ ಪಕ್ಕದವರನ್ನು "ಇದು ಯಾವ ನಂಬರು" ಎಂದು ಕೇಳುತ್ತೇನೆ. ನಾಲ್ಕನೆಯ ಸಲ ಕೇಳುವಾಗ ನನಗೇ ಸಂಕೋಚವಾಗುತ್ತದೆ. ಸಮೀಕ್ಷೆಯವರು ಒಮ್ಮೆ "ನಿಲ್ದಾಣದಲ್ಲಿ ಮಾಹಿತಿ ಫಲಕಗಳು ಸ್ಪಷ್ಟವಾಗಿವೆಯೇ" ಎಂದು ನನ್ನನ್ನು ಕೇಳಿದರು. "ಕಾಣಿಸದು" ಎಂದೆ. ಅವರು ಹಾಳೆಯಲ್ಲಿ "ಅನ್ವಯಿಸುವುದಿಲ್ಲ" ಎಂದು ಗುರುತು ಹಾಕಿಕೊಂಡು ಮುಂದೆ ಹೋದರು. ಅನ್ವಯಿಸುವುದಿಲ್ಲ ಎಂಬುದು ನನ್ನ ಉತ್ತರವಾಗಿರಲಿಲ್ಲ. ಅತ್ಯಂತ ಕಡಿಮೆ ಅಂಕ ಬೀಳಬೇಕಾದ ಕಡೆ ಖಾಲಿ ಜಾಗ ಬಿದ್ದಿತು, ಸರಾಸರಿಯಲ್ಲಿ ನಾನು ಇಲ್ಲವಾದೆ.

ಶ್ರೀರಂಗಪಟ್ಟಣದ ನಿತ್ಯಪ್ರಯಾಣಿಕೆ

ಅಣ್ಣಾ, ಓದಿ ಮನಸ್ಸಿಗೆ ಬಹಳ ನೋವಾಯಿತು. ಮೇಷ್ಟ್ರೇ, "ಅನ್ವಯಿಸುವುದಿಲ್ಲ" ಎಂಬ ಚೌಕವನ್ನು ನಿಮ್ಮ ಹಾಳೆಯಿಂದ ತೆಗೆದುಹಾಕಿ, ಕಾರಣ ಬರೆಯುವ ಒಂದು ಸಾಲನ್ನು ಬಿಡಿ.

ಪಾಂಡವಪುರದ ರೈಲು ಪಾಸಿನವ

ನಾನು ಮಂಡ್ಯಕ್ಕೂ ಮೈಸೂರಿಗೂ ಸೀಸನ್ ಪಾಸಿನಲ್ಲಿ ಓಡಾಡುವವನು. ಯಾರೂ ಎತ್ತದ ಒಂದು ವಿಷಯವಿದೆ. ನೀವು ಬಸ್ ನಿಲ್ದಾಣದಲ್ಲಿ ನಿಂತು ಬಸ್ಸಿನವರನ್ನು ಕೇಳುತ್ತೀರಿ, ರೈಲಿನಲ್ಲಿ ಕುಳಿತು ರೈಲಿನವರನ್ನು ಕೇಳುತ್ತೀರಿ. ಬಿಟ್ಟು ಹೋದವರನ್ನು ಕೇಳುವವರು ಯಾರು? ನಮ್ಮ ಬೋಗಿಯಲ್ಲಿ ಹತ್ತು ವರ್ಷ ಒಟ್ಟಿಗೆ ಬರುತ್ತಿದ್ದ ಎಂಟು ಜನರ ಗುಂಪಿತ್ತು. ಈಗ ಮೂವರಿದ್ದೇವೆ. ಒಬ್ಬರು ನಿವೃತ್ತರಾದರು, ನಾಲ್ವರು ಬೈಕು ಕೊಂಡರು. ಆ ನಾಲ್ವರ ಬಳಿ ಸೇವೆಯ ಬಗ್ಗೆ ಹೇಳಲು ಪುಟಗಟ್ಟಲೆ ಮಾತಿದೆ, ಆದರೆ ಅವರು ನಿಮ್ಮ ಕೈಗೆ ಸಿಗುವುದು ಪೆಟ್ರೋಲ್ ಬಂಕಿನಲ್ಲಿ. ಅತೃಪ್ತರೆಲ್ಲ ಬಿಟ್ಟುಹೋದ ಮೇಲೆ ಉಳಿದವರ ತೃಪ್ತಿಯನ್ನು ಅಳೆದರೆ, ಸೇವೆ ಕೆಟ್ಟಷ್ಟೂ ಅಂಕ ಏರುವ ವಿಚಿತ್ರವನ್ನು ನೋಡಬೇಕಾಗುತ್ತದೆ. ಮನೆ ಮನೆಗೆ ಹೋಗಿ, "ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದಿರಾ, ಯಾವಾಗ ನಿಲ್ಲಿಸಿದಿರಿ, ಏಕೆ" ಎಂದು ಕೇಳಲೇಬೇಕು.

ಹೆಬ್ಬಾಳದ ಪಾಳಿ ನೌಕರ

ನಾನು ಅಂಥವರಲ್ಲಿ ಒಬ್ಬ. ಪಾಳಿ ರಾತ್ರಿ ಮುಗಿದು ಹೊರಗೆ ಬಂದಾಗ ಬಸ್ಸು ಇರುತ್ತಿರಲಿಲ್ಲ. ಎರಡು ವರ್ಷ ಗೆಳೆಯರ ಗಾಡಿಯ ಹಿಂದೆ ಕುಳಿತು, ಕೊನೆಗೆ ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡೆ. ಸಾಲದ ಕಂತು ಈಗಲೂ ಕಟ್ಟುತ್ತಿದ್ದೇನೆ. ನನ್ನನ್ನು ಯಾರೂ ಎಂದೂ ಕೇಳಿಲ್ಲ. ಕೇಳಿದ್ದರೆ ಹೊಸ ಬಸ್ಸು ಬೇಕು, ಎಸಿ ಬೇಕು ಎನ್ನುತ್ತಿರಲಿಲ್ಲ, ರಾತ್ರಿ ಹತ್ತೂಕಾಲಕ್ಕೆ ಒಂದೇ ಒಂದು ಬಸ್ಸು ಬಿಡಿ ಎನ್ನುತ್ತಿದ್ದೆ.

ಮದ್ದೂರಿನವ

ಎಕ್ಸ್‌ಪ್ರೆಸ್‌ವೇ ಆದಮೇಲೆ ಬಸ್ಸುಗಳು ಬೈಪಾಸಿನಲ್ಲಿಯೇ ಹೋಗಿಬಿಡುತ್ತವೆ ಎಂಬ ಕೊರಗು ನಮ್ಮ ಊರಿನಲ್ಲಿಯೂ ಇದೆ. ಬೆಂಗಳೂರಿಗೆ ಹೋಗುವವರಿಗೆ ಸಮಯ ಉಳಿಯಿತು, ನಡುವೆ ಇಳಿಯುವವರಿಗೆ ಬಸ್ಸು ಉಳಿಯಲಿಲ್ಲ. ಒಂದೇ ಬದಲಾವಣೆಗೆ ಇಬ್ಬರ ಅಂಕ ಎರಡು ದಿಕ್ಕಿಗೆ ಹೋಗುತ್ತದೆ. ಸಮೀಕ್ಷೆ ಬೇಡ ಎಂದಿದ್ದ ನಾನು ಈಗ ಕೇಳುತ್ತಿದ್ದೇನೆ, ಇಂಥದ್ದನ್ನು ಅಳೆದು ಯಾವ ದೂರನ್ನು ಮೊದಲು ಸರಿಪಡಿಸಬೇಕು ಎಂದು ತಿಳಿಯುವ ಕ್ರಮವಿದೆಯೇ?

ವಿಜಯನಗರದ ಎಂಜಿನಿಯರ್

ಇದೆ. ಅಮೆರಿಕದ ಸಾರಿಗೆ ಸಂಶೋಧನಾ ಕಾರ್ಯಕ್ರಮವೊಂದು 1999ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಸರಳವಾದ ವಿಧಾನವೊಂದಿದೆ. "ತೃಪ್ತಿ ಇದೆಯೇ" ಎಂಬುದರ ಜೊತೆಗೆ "ಕಳೆದ 30 ದಿನಗಳಲ್ಲಿ ಈ ತೊಂದರೆ ನಿಮಗೆ ಆಯಿತೇ" ಎಂದೂ ಕೇಳುವುದು. ತೊಂದರೆ ಆದವರ ಒಟ್ಟಾರೆ ತೃಪ್ತಿಗೂ ಆಗದವರ ತೃಪ್ತಿಗೂ ಇರುವ ವ್ಯತ್ಯಾಸವನ್ನು, ಎಷ್ಟು ಪಾಲು ಜನರಿಗೆ ತೊಂದರೆ ಆಯಿತೋ ಅದರಿಂದ ಗುಣಿಸುವುದು. ಬರಿಯ ಉದಾಹರಣೆಗೆ ಹೇಳುವುದಾದರೆ, ಬಸ್ಸು ನಿಲ್ಲಿಸದೆ ಹೋಗುವ ತೊಂದರೆ ನೂರರಲ್ಲಿ ಹತ್ತು ಜನರಿಗೆ ಆಗಿ, ಅವರ ತೃಪ್ತಿ 3 ಅಂಕದಷ್ಟು ಕುಸಿದಿದ್ದರೆ ಗುಣಲಬ್ಧ 0.3. ಬಹಳ ಹೊತ್ತು ಕಾಯುವ ತೊಂದರೆ ನಲವತ್ತು ಜನರಿಗೆ ಆಗಿ, ತೃಪ್ತಿ 1.5 ಕುಸಿದಿದ್ದರೆ ಗುಣಲಬ್ಧ 0.6. ಆಗ ಮೊದಲು ಕೈಹಾಕಬೇಕಾದದ್ದು ಕಾಯುವಿಕೆಗೆ.

ಇದರಲ್ಲಿ ನನಗೆ ಇಷ್ಟವಾಗುವುದು, ಜನರ ಅಭಿಪ್ರಾಯವನ್ನು ಕೇಳುವ ಬದಲು ನಡೆದದ್ದನ್ನು ಕೇಳುತ್ತದೆ. "ಬಸ್ಸು ಸಮಯಕ್ಕೆ ಬರುತ್ತದೆಯೇ" ಎಂದರೆ ಸೌಜನ್ಯದಿಂದ "ಬರುತ್ತದೆ" ಎನ್ನುವವರು, "ನಿನ್ನೆ ಎಷ್ಟು ಹೊತ್ತು ಕಾದಿರಿ" ಎಂದರೆ ನಿಜವನ್ನೇ ಹೇಳುತ್ತಾರೆ.

ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿ

ವಿಧಾನವನ್ನು ಒಪ್ಪುತ್ತೇನೆ, ಕೊನೆಯ ಹೆಜ್ಜೆಗೆ ಮಾತ್ರ ನನ್ನ ತಕರಾರು. ಆ ಗುಣಾಕಾರದಲ್ಲಿ ಸಂಖ್ಯೆ ಕಡಿಮೆ ಇರುವವರು ಯಾವಾಗಲೂ ಸೋಲುತ್ತಾರೆ. ಅಗ್ರಹಾರದವರಂತೆ ಬೋರ್ಡು ಕಾಣದವರು ನೂರರಲ್ಲಿ ಒಬ್ಬರೋ ಇಬ್ಬರೋ ಇರಬಹುದು. ಅವರ ತೊಂದರೆ ಎಷ್ಟೇ ದೊಡ್ಡದಾದರೂ ಪಟ್ಟಿಯ ಕೆಳಗೇ ಉಳಿಯುತ್ತದೆ. ಹಾಗಾಗಿ ಕೆಲವು ಬಾಬತ್ತುಗಳನ್ನು ಅಂಕದ ಸ್ಪರ್ಧೆಗೆ ಇಡಲೇಬಾರದು.

ವಿಜಯನಗರದ ಎಂಜಿನಿಯರ್

ನ್ಯಾಯವಾದ ಮಾತು. ಅದನ್ನು ನಾನು ಮೊದಲೇ ಹೇಳಬೇಕಾಗಿತ್ತು.

ಕುವೆಂಪುನಗರದ ಹಿರಿಯರು

ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. ದಸರೆಯ ದಿನಗಳಲ್ಲಿ ಕೇಳಲು ಹೋಗಬೇಡಿ. ಆಗ ಊರಿನ ರಸ್ತೆ, ಬಸ್ಸಿನ ಮಾರ್ಗ, ನಿಲ್ದಾಣದ ಜನ ಎಲ್ಲವೂ ಬೇರೆ. ಪರವೂರಿನವರ ಅನಿಸಿಕೆಯನ್ನು ನಮ್ಮೂರಿನ ನಿತ್ಯಪ್ರಯಾಣಿಕರ ತಲೆಗೆ ಕಟ್ಟಿದಂತಾಗುತ್ತದೆ. ದಸರೆಯ ಸಾರಿಗೆಯನ್ನೇ ಅಳೆಯುವುದಾದರೆ ಅದಕ್ಕೆ ಬೇರೆ ಹಾಳೆ ಮಾಡಿ.

ಪಾಂಡವಪುರದ ರೈಲು ಪಾಸಿನವ

ಎಷ್ಟು ಜನರನ್ನು ಕೇಳಬೇಕು? 385 ಎಂದು ಎಲ್ಲೋ ಓದಿದ್ದೆ.

ಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿ

ಶೇಕಡಾ 95ರ ವಿಶ್ವಾಸ ಮಟ್ಟದಲ್ಲಿ, ಶೇಕಡಾ 5ರಷ್ಟು ಆಚೀಚೆ ಇರಬಹುದೆಂದು ಒಪ್ಪಿದಾಗ ಬರುವ ಸಂಖ್ಯೆ ಅದು. ಆದರೆ ಎಲ್ಲ ಪ್ರಯಾಣಿಕರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದಾಗ ಮಾತ್ರ ಅದಕ್ಕೆ ಬೆಲೆ. ಒಂದೇ ನಿಲ್ದಾಣದಲ್ಲಿ, ಒಂದೇ ಮಧ್ಯಾಹ್ನ, ಮಾತಿಗೆ ಸಿಕ್ಕ 385 ಜನರಿಗಿಂತ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹಂಚಿಕೊಂಡು ಬೇರೆ ಬೇರೆ ಮಾರ್ಗಗಳಲ್ಲಿ ಕೇಳಿದ 150 ಜನರೇ ಮೇಲು. ಪ್ರತಿ ಐದನೆಯವರನ್ನು ಕೇಳಬೇಕೆಂದು ಮೊದಲೇ ನಿಯಮ ಮಾಡಿಕೊಳ್ಳಿ. ಇಲ್ಲದಿದ್ದರೆ ಮಕ್ಕಳು ತಮ್ಮ ವಯಸ್ಸಿನವರನ್ನೇ ಮಾತನಾಡಿಸುತ್ತಾರೆ.

ಸರಸ್ವತೀಪುರಂ ಮೇಷ್ಟ್ರು

ಎಲ್ಲರ ಮಾತುಗಳನ್ನೂ ಮುದ್ರಿಸಿ ತರಗತಿಯಲ್ಲಿ ಓದಿಸಿದೆ. 22 ಹೇಳಿಕೆಗಳ ಹಾಳೆಯನ್ನು ಕೈಬಿಟ್ಟಿದ್ದೇವೆ. ಈಗ ಒಂಬತ್ತು ಪ್ರಶ್ನೆಗಳಿವೆ. ಮೊದಲ ಆರು ಪ್ರಶ್ನೆಗಳು ಪ್ರಯಾಣಿಕರ ಹಿಂದಿನ ಪ್ರಯಾಣವೊಂದನ್ನು ಕುರಿತವು. ಎಷ್ಟು ಹೊತ್ತು ಕಾದಿರಿ, ಬಸ್ಸು ಯಾವಾಗ ಬರುತ್ತದೆ ಎಂದು ಯಾರಾದರೂ ಹೇಳಿದರೇ, ಕುಳಿತಿರೋ ನಿಂತಿರೋ, ಇಳಿದು ಮನೆ ಸೇರುವವರೆಗೆ ಅಂಜಿಕೆಯಾಯಿತೇ, ಹೀಗೆ. ಏಳನೆಯದು ರೂಪಾಯಿಗೆ ಎಷ್ಟಾಣೆ. ಎಂಟನೆಯದು ಹುಣಸೆ ಬೀಜ. ಒಂಬತ್ತನೆಯದಕ್ಕೆ ಅಂಕವಿಲ್ಲ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಮೂವರು ವಿದ್ಯಾರ್ಥಿಗಳು ಬೈಕಿಗೆ ಹೋದವರನ್ನು ಹುಡುಕಿ ಮನೆಗಳಿಗೆ ಹೋಗುತ್ತಿದ್ದಾರೆ. ಅಗ್ರಹಾರದವರು ಒಪ್ಪಿದರೆ, ಪ್ರಶ್ನೆಗಳನ್ನು ಅಂತಿಮಗೊಳಿಸುವ ಮೊದಲು ನಾನೇ ಅವರಲ್ಲಿಗೆ ಬಂದು ಓದಿಹೇಳುತ್ತೇನೆ.

ನಿನ್ನೆ ಸಂಜೆ ಅದೇ ಹುಡುಗಿ ಅದೇ ಅಜ್ಜಿಯ ಬಳಿ ಹೋಗಿ ಕುಳಿತಳು. "ಮೊನ್ನೆ ಸಂಜೆ ಎಷ್ಟು ಹೊತ್ತು ಕಾದ್ರಿ ಅಜ್ಜಿ" ಎಂದಳು. ಅಜ್ಜಿ ಗಡಿಯಾರದ ಲೆಕ್ಕ ಹೇಳಲಿಲ್ಲ. "ಎರಡು ಸತಿ ಎಲೆಅಡಿಕೆ ಹಾಕ್ಕಂಡೆ, ಮೂರನೇ ಸತಿಗೆ ಸುಣ್ಣ ಮುಗ್ದೋಗಿತ್ತು" ಎಂದರು. ಬೀಜಗಳನ್ನು ಕೊಟ್ಟಾಗ ಸೀಟಿನ ಲೋಟಕ್ಕೆ ಒಂದು, ನಿರ್ವಾಹಕರ ಮಾತಿನ ಲೋಟಕ್ಕೆ ಎರಡು ಹಾಕಿ, ಬಸ್ಸು ಚೊಕ್ಕಟವಾಗಿರುವ ಲೋಟವನ್ನು ಪಕ್ಕಕ್ಕೆ ಸರಿಸಿ, ಉಳಿದ ಏಳನ್ನೂ ಬಸ್ಸು ಹೊತ್ತಿಗೆ ಬರುವ ಲೋಟಕ್ಕೆ ಸುರಿದರು.

ನಿವೃತ್ತ ನಿರ್ವಾಹಕ, ಮಂಡ್ಯ

ನಮ್ಮ ಮಾತಿಗೂ ಎರಡು ಬೀಜ ಬಿತ್ತೇ ಮೇಷ್ಟ್ರೇ? ಆ ತಾಯಿಯ ಬಸ್ಸು ಯಾವುದು, ಯಾವ ಹೊತ್ತಿನದು ಎಂದು ತಿಳಿಸಿ. ಆ ಡಿಪೊದಲ್ಲಿ ನನ್ನ ಜೊತೆಯವರು ಇನ್ನೂ ಇದ್ದಾರೆ, ನಾನೇ ಹೋಗಿ ಮಾತನಾಡುತ್ತೇನೆ.